‘ಬುದ್ಧಿಜೀವಿ’: ಪದದ ಬೇರು ಮತ್ತು ಪಾಠಾಂತರದ ಪ್ರಮಾಣ

ಕಳೆದ ಕೆಲವು ದಶಕಗಳಲ್ಲಿ ಕನ್ನಡದಲ್ಲಿ ಬಹಳ ವೇಗವಾಗಿ ಮಾನ ಕಳೆದುಕೊಂಡ ಪದಗಳಲ್ಲಿ ‘ಬುದ್ಧಿಜೀವಿ’ ಒಂದು. ಇಂಗ್ಲಿಷಿನ ‘ಇಂಟೆಲೆಕ್ಚುಯಲ್’ ಎಂಬುದಕ್ಕೆ ಸಂವಾದಿಯಾಗಿ ಬಳಕೆಗೆ ಬಂದ ಈ ಪದವನ್ನು ಒಂದು ಕಾಲದಲ್ಲಿ ಗೌರವದಿಂದಲೇ ಉಚ್ಚರಿಸಲಾಗುತ್ತಿತ್ತು. ಇಂದು ಅದು ವ್ಯಂಗ್ಯದ ಉದ್ಧರಣ ಚಿಹ್ನೆಗಳ ನಡುವೆ ಕಾಣಿಸಿಕೊಳ್ಳುವುದೇ ಹೆಚ್ಚು. ‘ಲದ್ದಿಜೀವಿ’ ಎಂದು ಪ್ರಾಸ ಕಟ್ಟಿ ಹೀಯಾಳಿಸುವ ರೂಢಿಯೂ ಬೆಳೆದಿದೆ. ಒಬ್ಬರ ವಾದಕ್ಕೆ ಉತ್ತರ ಕೊಡುವ ಶ್ರಮವನ್ನು ತಪ್ಪಿಸಿಕೊಳ್ಳಲು ಅವರನ್ನು ಬುದ್ಧಿಜೀವಿ ಎಂದು ಕರೆದರೆ ಸಾಕು ಎಂಬಂತಾಗಿದೆ. ಇದರ ಹೊಣೆ ಹೀಯಾಳಿಸುವವರ ಮೇಲೆ ಮಾತ್ರ ಇಲ್ಲ. ಆ ಹೆಸರನ್ನು ಪದವಿಯಂತೆ ಧರಿಸಿದವರ ಮೇಲೆಯೂ, ಒಂದಿಷ್ಟು ಮಟ್ಟಿಗೆ ಆ ಪದದ ರಚನೆಯ ಮೇಲೆಯೂ ಇದೆ. ಆದ್ದರಿಂದ ಪದದ ಬೇರನ್ನು ಶೋಧಿಸುವುದು ಕೇವಲ ನಿಘಂಟಿನ ಕುತೂಹಲವಾಗಿ ಉಳಿಯುವುದಿಲ್ಲ. ಯಾರನ್ನು ಆ ಹೆಸರಿನಿಂದ ಕರೆಯಬೇಕು, ಯಾವ ಕೆಲಸದಿಂದ ಅವರನ್ನು ಅಳೆಯಬೇಕು ಎಂಬ ಪ್ರಶ್ನೆಗೆ ಅದು ದಾರಿ ಮಾಡುತ್ತದೆ.

ಮೊದಲು ಕನ್ನಡ ಎರವಲು ಪಡೆದ ಸಂಸ್ಕೃತ ಪದವನ್ನು ನೋಡಬಹುದು. ಬುದ್ಧಿ ಮತ್ತು ಜೀವಿ ಎಂಬ ಎರಡು ಪದಗಳ ಸಮಾಸ ಇದು. ಈ ಸಮಾಸ ಆಧುನಿಕರ ಸೃಷ್ಟಿಯಲ್ಲ; ಮನುಸ್ಮೃತಿಯ ಮೊದಲ ಅಧ್ಯಾಯದಲ್ಲಿಯೇ ದೊರೆಯುತ್ತದೆ. ಅಲ್ಲಿ ಸೃಷ್ಟಿಯ ಒಂದು ಏಣಿಯನ್ನು ನಿರ್ಮಿಸಲಾಗಿದೆ. ಭೂತಗಳಲ್ಲಿ ಪ್ರಾಣವುಳ್ಳವು ಶ್ರೇಷ್ಠ, ಅವುಗಳಲ್ಲಿ ಬುದ್ಧಿಯಿಂದ ಬಾಳುವವು ಶ್ರೇಷ್ಠ, ಅವುಗಳಲ್ಲಿ ಮನುಷ್ಯರು, ಮನುಷ್ಯರಲ್ಲಿ ಬ್ರಾಹ್ಮಣರು ಎಂದು ಆ ಏಣಿ ಏರುತ್ತದೆ. ಮನುಷ್ಯನು ಬುದ್ಧಿಜೀವಿಗಳ ಒಂದು ಭಾಗ ಮಾತ್ರ ಎಂಬುದು ಇಲ್ಲಿ ಗಮನಾರ್ಹ. ಅದಕ್ಕಿಂತ ಗಮನಾರ್ಹವಾದದ್ದು, ಪದವು ಮೊದಲಿನಿಂದಲೂ ಮೇಲು ಕೀಳಿನ ಶ್ರೇಣಿಯೊಂದರ ಮೆಟ್ಟಿಲಾಗಿ ನಿಂತಿದೆ ಎಂಬ ಸಂಗತಿ.

ಸಮಾಸದ ಉತ್ತರಪದವಾದ ‘ಜೀವಿ’ ಇನ್ನೊಂದು ತೊಡಕನ್ನು ತರುತ್ತದೆ. ಶ್ರಮಜೀವಿ, ಪರೋಪಜೀವಿ ಎಂಬ ಪದಗಳಲ್ಲಿ ಕಾಣುವಂತೆ ಅದು ಬಾಳುವೆಯ ಆಧಾರವನ್ನು, ಅಂದರೆ ಜೀವನೋಪಾಯವನ್ನು ಸೂಚಿಸುತ್ತದೆ. ಶ್ರಮದಿಂದ ಬದುಕುವವನು ಶ್ರಮಜೀವಿಯಾದರೆ ಬುದ್ಧಿಯಿಂದ ಬದುಕುವವನು ಬುದ್ಧಿಜೀವಿ. ಈ ಜೋಡಿಯಲ್ಲಿ ಶ್ರಮ ಒಂದು ಕಡೆ, ಬುದ್ಧಿ ಇನ್ನೊಂದು ಕಡೆ ಎಂಬ ಒಡಕು ತಾನಾಗಿ ಹುಟ್ಟುತ್ತದೆ. ಬುದ್ಧಿಜೀವಿ ದುಡಿಯದೆ ಉಣ್ಣುವವನು ಎಂಬ ಲೋಕದ ಸಂಶಯಕ್ಕೆ ಪದವೇ ಎಡೆಗೊಟ್ಟಿದೆ. ಅದು ಒಂದು ವರ್ಗದ ಹೆಸರಾಯಿತೇ ಹೊರತು ಒಂದು ಕ್ರಿಯೆಯ ಹೆಸರಾಗಲಿಲ್ಲ.

ಲ್ಯಾಟಿನ್ ಮೂಲದ ಕಥೆ ಬೇರೆ. ‘ಇಂಟೆಲೆಕ್ಟ್’, ‘ಇಂಟೆಲಿಜೆನ್ಸ್’, ‘ಇಂಟೆಲೆಕ್ಚುಯಲ್’ ಎಂಬ ಇಂಗ್ಲಿಷ್ ಪದಗಳೆಲ್ಲ ‘ಇಂತೆಲ್ಲೆಗೆರೆ’ ಎಂಬ ಲ್ಯಾಟಿನ್ ಕ್ರಿಯಾಪದದಿಂದ ಬಂದವು. ಅದನ್ನು ಬಿಡಿಸಿದರೆ ‘ಇಂತೆರ್’ ಮತ್ತು ‘ಲೆಗೆರೆ’ ಎಂಬ ಎರಡು ಭಾಗಗಳು ಸಿಗುತ್ತವೆ. ‘ಇಂತೆರ್’ ಎಂದರೆ ನಡುವೆ. ‘ಲೆಗೆರೆ’ ಎಂದರೆ ಆಯುವುದು, ಕೂಡಿಸುವುದು, ಬಳಿಕ ಓದುವುದು. ಹಣ್ಣು ಹೂಗಳನ್ನು ಆಯುವ ಕೈಗೆಲಸದ ಈ ಪದ ಅಕ್ಷರಗಳನ್ನು ಕಣ್ಣಿನಿಂದ ಆಯುವ ಓದಿಗೂ ವಿಸ್ತರಿಸಿತು. ಇಂಗ್ಲಿಷಿನ ಕಲೆಕ್ಟ್, ಸೆಲೆಕ್ಟ್, ಎಲೆಕ್ಟ್, ಲೆಕ್ಚರ್, ಲೆಸನ್ ಮುಂತಾದವು ಇದೇ ಬೇರಿನ ಚಿಗುರುಗಳು. ಆಯದೆ ಬಿಟ್ಟದ್ದು ‘ನೆಗ್ಲೆಕ್ಟ್’. ಎಚ್ಚರದಿಂದ ಆಯ್ದದ್ದು ‘ಎಲಿಗಂಟ್’. ಹೀಗೆ ನೋಡಿದರೆ ‘ಇಂತೆಲ್ಲೆಗೆರೆ’ ಎಂದರೆ ಹಲವು ಸಂಗತಿಗಳ ನಡುವಿನಿಂದ ಆಯ್ದುಕೊಳ್ಳುವುದು, ಒಂದಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸವನ್ನು ಓದಿಕೊಳ್ಳುವುದು. ಹದಿಮೂರನೆಯ ಶತಮಾನದ ಥಾಮಸ್ ಅಕ್ವಿನಾಸ್ ಇದನ್ನು ಬೇರೆ ರೀತಿಯಲ್ಲಿ ಬಿಡಿಸಿದನು. ‘ಇಂತುಸ್ ಲೆಗೆರೆ’, ಅಂದರೆ ವಸ್ತುವಿನ ಒಳಹೊಕ್ಕು ಓದುವುದು ಎಂದು ಅವನ ವಿವರಣೆ. ಭಾಷಾಶಾಸ್ತ್ರ ಮೊದಲನೆಯ ನಿಷ್ಪತ್ತಿಯನ್ನೇ ಒಪ್ಪುತ್ತದೆ. ಎರಡು ವಿವರಣೆಗಳಲ್ಲಿಯೂ ಸಮಾನವಾದದ್ದು ಆಯುವ, ಓದುವ ಕ್ರಿಯೆ. ಅಂತಸ್ತಿನ ಸೂಚನೆ ಎರಡರಲ್ಲಿಯೂ ಇಲ್ಲ.

ಕನ್ನಡಕ್ಕೆ ಈ ಅರ್ಥಸರಣಿ ಹೊಸದೇನಲ್ಲ. ಕನ್ನಡದ ‘ಆಯ್’ ಧಾತು ಲ್ಯಾಟಿನ್ನಿನ ‘ಲೆಗೆರೆ’ಯಂತೆಯೇ ಕೂಡಿಸುವ ಅರ್ಥವನ್ನೂ ಆರಿಸುವ ಅರ್ಥವನ್ನೂ ಹೊತ್ತಿದೆ. ಹೊಲದಲ್ಲಿ ಉದುರಿದ ಕಾಳನ್ನು ಆಯುವುದೂ ‘ಆಯ್’, ಹಲವರಲ್ಲಿ ಒಬ್ಬರನ್ನು ಆಯ್ಕೆ ಮಾಡುವುದೂ ‘ಆಯ್’. ಹಳಗನ್ನಡದ ‘ಆರಯ್’ ಎಂಬುದಕ್ಕೆ ವಿಚಾರಿಸು, ಪರಿಶೀಲಿಸು ಎಂಬ ಅರ್ಥಗಳ ಜೊತೆಗೆ ಕಾಪಾಡು ಎಂಬ ಅರ್ಥವೂ ಇದೆ. ಇಂದಿನ ‘ಆರೈಕೆ’ಯಲ್ಲಿ ಆ ಕೊನೆಯ ಅರ್ಥ ಉಳಿದಿದೆ. ಸಂಸ್ಕೃತದ ‘ವಿವೇಕ’ ಪದದ ಧಾತುವಿಗೆ ಬೇರ್ಪಡಿಸು, ಜರಡಿಯಾಡಿಸು ಎಂಬ ಅರ್ಥವಿದೆ. ಜೋಳದ ರಾಶಿ ಮಾಡುವ ಕಣದಲ್ಲಿ ಹಂತಿ ತುಳಿಸಿದ ಮೇಲೆ ಗಾಳಿಗೆ ತೂರಿ ಹೊಟ್ಟು ಕಾಳುಗಳನ್ನು ಬೇರೆ ಮಾಡುವ, ಮೊರದಲ್ಲಿ ಕೇರಿ ಹಸನು ಮಾಡುವ ಕೆಲಸವನ್ನು ಬಲ್ಲವರಿಗೆ ವಿವೇಕದ ಅರ್ಥವನ್ನು ಬೇರೆಯಾಗಿ ವಿವರಿಸಬೇಕಿಲ್ಲ. ಅಚ್ಚ ಕನ್ನಡದ ‘ತಿಳಿ’ ಎಂಬುದೂ ಇದೇ ಬಳಗದ್ದು. ಕದಡಿದ ನೀರಿನಲ್ಲಿ ಕೆಸರು ಕೆಳಗಿಳಿದು ನೀರು ಬೇರೆಯಾಗುವುದು ತಿಳಿಯಾಗುವುದು. ಮನಸ್ಸಿಗೆ ಹಾಗಾಗುವುದು ತಿಳಿವಳಿಕೆ.

ತತ್ತ್ವಾರ್ಥಸೂತ್ರವು ಮತಿಜ್ಞಾನವನ್ನು ಅವಗ್ರಹ, ಈಹಾ, ಅವಾಯ, ಧಾರಣಾ ಎಂಬ ನಾಲ್ಕು ಹಂತಗಳಲ್ಲಿ ವಿವರಿಸುವುದನ್ನು ಇಲ್ಲಿ ನೆನೆಯಬಹುದು. ಅದರ ಮೇಲೆ ‘ಸರ್ವಾರ್ಥಸಿದ್ಧಿ’ ಎಂಬ ವ್ಯಾಖ್ಯಾನವನ್ನು ಬರೆದ ಪೂಜ್ಯಪಾದರು ಕೊಡುವ ಉದಾಹರಣೆ ಸರಳವಾದದ್ದು. ದೂರದಲ್ಲಿ ಏನೋ ಬಿಳಿಯದು ಕಂಡಿತು, ಅದು ಅವಗ್ರಹ. ಅದು ಬೆಳ್ಳಕ್ಕಿಯೋ ಬಾವುಟವೋ ಎಂದು ವಿಶೇಷವನ್ನು ಅರಸುವುದು ಈಹಾ. ಏರಿಳಿಯುವ ರೀತಿ, ರೆಕ್ಕೆಯ ಬಡಿತ ಮೊದಲಾದವನ್ನು ಕಂಡು ಬೆಳ್ಳಕ್ಕಿಯೇ ಎಂದು ನಿಶ್ಚಯಿಸುವುದು ಅವಾಯ. ಆ ನಿಶ್ಚಯವನ್ನು ಮರೆಯದೆ ಉಳಿಸಿಕೊಳ್ಳುವುದು ಧಾರಣಾ. ಎರಡು ಸಾಧ್ಯತೆಗಳನ್ನು ಎದುರಿಗಿಟ್ಟುಕೊಂಡು ಲಕ್ಷಣಗಳಿಂದ ಒಂದನ್ನು ಆಯುವ ಈ ಮಧ್ಯದ ನಡೆಯೇ ‘ಇಂತೆಲ್ಲೆಗೆರೆ’. ಕಂಡ ಕೂಡಲೆ ನಿಶ್ಚಯಕ್ಕೆ ಜಿಗಿಯುವವನು ಈಹೆಯನ್ನು ಬಿಟ್ಟವನು. ಈಹೆಯಲ್ಲಿಯೇ ನಿಂತು ಎಂದೂ ನಿಶ್ಚಯಿಸದವನು ಅವಾಯವನ್ನು ಬಿಟ್ಟವನು.

ಇಂಗ್ಲಿಷ್ ಪದ ವ್ಯಕ್ತಿವಾಚಕವಾಗಿ ಲೋಕಪ್ರಸಿದ್ಧವಾದದ್ದು ಫ್ರಾನ್ಸಿನ ಒಂದು ಘಟನೆಯ ಮೂಲಕ. ಆಲ್‌ಫ್ರೆಡ್ ಡ್ರೇಫಸ್ ಎಂಬ ಯಹೂದಿ ಸೇನಾಧಿಕಾರಿಗೆ 1894ರಲ್ಲಿ ದೇಶದ್ರೋಹದ ಆರೋಪದ ಮೇಲೆ ಶಿಕ್ಷೆಯಾಯಿತು. ಜರ್ಮನ್ ರಾಯಭಾರ ಕಚೇರಿಯ ಕಸದ ಬುಟ್ಟಿಯಿಂದ ದೊರೆತ ಒಂದು ಕೈಬರಹದ ಪತ್ರ ಅದರ ಮುಖ್ಯ ಆಧಾರ. ಆ ಕೈಬರಹ ಎಸ್ತರಾಜಿ ಎಂಬ ಇನ್ನೊಬ್ಬ ಅಧಿಕಾರಿಯದೆಂಬುದು ಬೆಳಕಿಗೆ ಬಂದರೂ ಸೇನಾ ನ್ಯಾಯಾಲಯ 1898ರ ಜನವರಿ 11ರಂದು ಅವನನ್ನು ಖುಲಾಸೆ ಮಾಡಿತು. ಎರಡು ದಿನಗಳ ಬಳಿಕ, ಜನವರಿ 13ರಂದು, ಕಾದಂಬರಿಕಾರ ಎಮಿಲ್ ಝೋಲಾ ‘ಲಾರೋರ್’ ಪತ್ರಿಕೆಯಲ್ಲಿ ರಾಷ್ಟ್ರಾಧ್ಯಕ್ಷರಿಗೆ ಬಹಿರಂಗ ಪತ್ರ ಬರೆದನು. ಮರುದಿನದಿಂದ ಅದೇ ಪತ್ರಿಕೆಯಲ್ಲಿ ಲೇಖಕರು, ಪ್ರಾಧ್ಯಾಪಕರು, ವಿಜ್ಞಾನಿಗಳ ಸಹಿಗಳುಳ್ಳ ಮನವಿ ಪ್ರಕಟವಾಗತೊಡಗಿತು. ಪತ್ರಿಕೆಯ ಜಾರ್ಜ್ ಕ್ಲೆಮಾನ್ಸೊ ಸಹಿ ಹಾಕಿದವರನ್ನು ‘ಇಂಟೆಲೆಕ್ಚುಯಲ್’ಗಳೆಂದು ಮೆಚ್ಚುಗೆಯಿಂದ ಕರೆದನು. ಎದುರು ಪಕ್ಷದ ಮೋರಿಸ್ ಬಾರೆಸ್ ಅದೇ ಪದವನ್ನು ಹಿಡಿದು ಹಂಗಿಸಿದನು. ಪದದ ಈ ಬಳಕೆ ಹುಟ್ಟಿದ ತಿಂಗಳಲ್ಲಿಯೇ ಬಿರುದೂ ಬೈಗುಳವೂ ಆಗಿತ್ತು. ಕನ್ನಡದ ಇಂದಿನ ವ್ಯಂಗ್ಯ ಆ ದೃಷ್ಟಿಯಿಂದ ಹೊಸ ಸಂಗತಿಯಲ್ಲ.

ಈ ಪ್ರಕರಣದ ಒಂದು ಮುಖ ಸಾಹಿತ್ಯ ವಿದ್ಯಾರ್ಥಿಗಳ ಗಮನಕ್ಕೆ ಅಷ್ಟಾಗಿ ಬರುವುದಿಲ್ಲ. ಪ್ಯಾರಿಸ್ಸಿನ ‘ಎಕೋಲ್ ದೆ ಶಾರ್ತ್’ ಹಸ್ತಪ್ರತಿ ಮತ್ತು ಪ್ರಾಚೀನ ದಾಖಲೆಗಳ ಓದನ್ನು ಕಲಿಸುವ ಸಂಸ್ಥೆ. ಅದರ ನಿರ್ದೇಶಕ ಪಾಲ್ ಮೇಯರ್ ಮಧ್ಯಯುಗೀನ ಫ್ರೆಂಚ್ ಸಾಹಿತ್ಯದ ಪಂಡಿತ. ಝೋಲಾನ ಮೇಲೆ 1898ರ ಫೆಬ್ರವರಿಯಲ್ಲಿ ನಡೆದ ಮೊಕದ್ದಮೆಯಲ್ಲಿ ಅವನೂ ಅವನ ಸಹೋದ್ಯೋಗಿಗಳೂ ಸಾಕ್ಷಿ ನುಡಿದರು. ಹಳೆಯ ಪ್ರತಿಗಳ ಅಕ್ಷರವಿನ್ಯಾಸವನ್ನು ಹೋಲಿಸಿ ಲಿಪಿಕಾರನನ್ನು ಗುರುತಿಸುವ ವಿಧಾನವನ್ನೇ ಆ ಪತ್ರಕ್ಕೆ ಅನ್ವಯಿಸಿ ಕೈಬರಹ ಎಸ್ತರಾಜಿಯದೆಂದು ಹೇಳಿದರು. ಡ್ರೇಫಸ್ ನಿರ್ದೋಷಿ ಎಂದು ನ್ಯಾಯಾಲಯ ಘೋಷಿಸಿದ್ದು 1906ರಲ್ಲಿ. ಝೋಲಾನ ವಾಗ್ಮಿತೆ ಲೋಕವನ್ನು ಎಚ್ಚರಿಸಿತು. ಆ ಮಾತಿಗೆ ತೂಕ ಬಂದದ್ದು ಅಕ್ಷರಗಳ ನಡುವೆ ಆಯ್ದು ನೋಡಬಲ್ಲವರ ಶಿಸ್ತಿನಿಂದ. ಮೊದಲ ತಲೆಮಾರಿನ ‘ಇಂಟೆಲೆಕ್ಚುಯಲ್’ಗಳಲ್ಲಿ ಕೆಲವರು ಅಕ್ಷರಶಃ ಹಸ್ತಪ್ರತಿಗಳ ಓದುಗರಾಗಿದ್ದರು.

ಈ ಬೆಳಕಿನಲ್ಲಿ ಕನ್ನಡ ನಾಡಿನ ವಾಯವ್ಯ ಮೂಲೆಯನ್ನು ನೋಡಬೇಕು. ಹುಕ್ಕೇರಿ ತಾಲೂಕಿನ ಕಣಗಲಾ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಸಂಕೇಶ್ವರಕ್ಕೂ ನಿಪ್ಪಾಣಿಗೂ ನಡುವೆ ಇರುವ ಊರು. ಸಂತೆಯಲ್ಲಿ, ಬಸ್ಸಿನಲ್ಲಿ, ಮನೆಯಂಗಳದಲ್ಲಿ ಕನ್ನಡ ಮತ್ತು ಮರಾಠಿಗಳೆರಡೂ ಕಿವಿಗೆ ಬೀಳುವ ಸೀಮೆ ಇದು. ಇಲ್ಲಿಯ ಜನರಿಗೆ ‘ನಡುವೆ’ ಎಂಬುದು ತತ್ತ್ವಶಾಸ್ತ್ರದ ಪರಿಭಾಷೆಯಾಗಿ ಬರುವುದಿಲ್ಲ; ಅದು ದಿನದ ಬದುಕು. ಇದೇ ಪರಿಸರದ, ಚಿಕ್ಕೋಡಿ ಭಾಗದ ಸದಲಗಾದಲ್ಲಿ 1906ರಲ್ಲಿ ಹುಟ್ಟಿದವರು ಆದಿನಾಥ ನೇಮಿನಾಥ ಉಪಾಧ್ಯೆ. ಪ್ರಾಕೃತ ವಿದ್ವತ್ತಿನಲ್ಲಿ ಲೋಕಮಾನ್ಯರಾದ ಅವರು ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಸುಮಾರು ಮೂರು ದಶಕಗಳ ಕಾಲ ಅರ್ಧಮಾಗಧಿ ಕಲಿಸಿದರು. 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. 1975ರಲ್ಲಿ ನಿಧನರಾದರು. ಕನ್ನಡ, ಮರಾಠಿ, ಇಂಗ್ಲಿಷ್, ಸಂಸ್ಕೃತ, ಪ್ರಾಕೃತ, ಅಪಭ್ರಂಶಗಳ ನಡುವೆ ಅವರ ಓದು ನಡೆಯಿತು.

ಉಪಾಧ್ಯೆಯವರ ಕೆಲಸದ ತಿರುಳು ಗ್ರಂಥಸಂಪಾದನೆ. ಕುಂದಕುಂದಾಚಾರ್ಯರ ‘ಪ್ರವಚನಸಾರ’ದ ಅವರ ಆವೃತ್ತಿ 1935ರಲ್ಲಿ, ಯೋಗೀಂದುವಿನ ‘ಪರಮಾತ್ಮಪ್ರಕಾಶ’ 1937ರಲ್ಲಿ ಬಂದವು. ಉದ್ಯೋತನಸೂರಿಯು ಕ್ರಿ.ಶ. 779ರಲ್ಲಿ ಮುಗಿಸಿದ ಪ್ರಾಕೃತ ಚಂಪೂ ‘ಕುವಲಯಮಾಲಾ’ದ ಪಠ್ಯಭಾಗ 1959ರಲ್ಲಿ ಹೊರಬಂತು. ಬೇರೆ ಬೇರೆ ನಾಡುಗಳ ವರ್ತಕರು ಒಂದೇ ಪೇಟೆಯಲ್ಲಿ ತಮ್ಮ ತಮ್ಮ ನುಡಿಯಾಡುವ ಚಿತ್ರ ಈ ಕೃತಿಯಲ್ಲಿದೆ. ಅವರಲ್ಲಿ ಕರ್ನಾಟಕದವರೂ ಇದ್ದಾರೆ. ಈ ಕೃತಿಗೆ ಅವರಿಗೆ ಆಧಾರವಾದದ್ದು ಎರಡೇ ಹಸ್ತಪ್ರತಿಗಳು: ಜೈಸಲ್ಮೇರಿನ ತಾಳೆಗರಿಯ ಪ್ರತಿ ಮತ್ತು ಪುಣೆಯ ಕಾಗದದ ಪ್ರತಿ. ಎರಡರ ಪಾಠಗಳೂ ಹಲವೆಡೆ ಬೇರೆಬೇರೆ. ಸಂಪಾದಕನು ಪ್ರತಿ ಸಾಲಿನಲ್ಲಿಯೂ ಎರಡರ ನಡುವೆ ನಿಂತು ಒಂದನ್ನು ಆಯಬೇಕು. ‘ಇಂತೆರ್’ ಮತ್ತು ‘ಲೆಗೆರೆ’ ಎಂಬ ಎರಡು ಪದಗಳ ನೇರ ಅರ್ಥ ಇದಕ್ಕಿಂತ ನಿಚ್ಚಳವಾಗಿ ಕಾಣಿಸುವ ಇನ್ನೊಂದು ಉದ್ಯೋಗವಿಲ್ಲ. ಲ್ಯಾಟಿನ್ ಪಂಡಿತರು ಪಾಠವನ್ನು ಕರೆಯುವ ‘ಲೆಕ್ತಿಯೊ’ ಎಂಬ ಪದವೂ ಅದೇ ‘ಲೆಗೆರೆ’ಯಿಂದಲೇ ಬಂದದ್ದು.

ಗ್ರಂಥಸಂಪಾದನೆಯ ನೀತಿ ಆಯುವುದರಲ್ಲಿ ಮುಗಿಯುವುದಿಲ್ಲ. ಆಯದೆ ಬಿಟ್ಟ ಪಾಠವನ್ನು ಸಂಪಾದಕನು ಎಸೆಯುವಂತಿಲ್ಲ. ಪುಟದ ಕೆಳಗೆ, ಪ್ರತಿಯ ಸಂಕೇತದೊಂದಿಗೆ, ಅದನ್ನು ಉಳಿಸಿಕೊಡಬೇಕು. ಮುಂದಿನ ಓದುಗನೊಬ್ಬ ಸಂಪಾದಕನ ತೀರ್ಮಾನವನ್ನು ಒಪ್ಪದೆ ಕೆಳಗಿನ ಪಾಠವನ್ನು ಮೇಲೆತ್ತಿಕೊಳ್ಳಬಹುದು. ಆ ಅವಕಾಶವನ್ನು ಸಂಪಾದಕನೇ ಒದಗಿಸಿಕೊಡುತ್ತಾನೆ. ತನ್ನ ನಿಶ್ಚಯವನ್ನು ಸ್ಪಷ್ಟವಾಗಿ ಹೇಳುವ ಧೈರ್ಯ, ಅದನ್ನು ಅಲ್ಲಗಳೆಯಲು ಬೇಕಾದ ಸಾಮಗ್ರಿಯನ್ನು ಎದುರಾಳಿಯ ಕೈಗೆ ಕೊಡುವ ಪ್ರಾಮಾಣಿಕತೆ: ಇವೆರಡೂ ಸೇರಿದಲ್ಲಿ ‘ಬುದ್ಧಿಜೀವಿ’ ಎಂಬ ಹೆಸರು ಸಲ್ಲುತ್ತದೆ. ‘ಆರಯ್’ ಎಂಬ ಹಳಗನ್ನಡ ಧಾತುವಿನಲ್ಲಿ ಪರಿಶೀಲನೆಯೂ ಕಾಪಾಡುವಿಕೆಯೂ ಒಟ್ಟಿಗಿರುವುದು ಇಲ್ಲಿ ಸಾರ್ಥಕವಾಗುತ್ತದೆ.

ಆಯುವ ಮೊದಲು ಕೂಡಿಸಬೇಕು. ಆ ಕೆಲಸಕ್ಕೆ ಫ. ಗು. ಹಳಕಟ್ಟಿಯವರು ನಿದರ್ಶನ. ವಿಜಯಪುರದಲ್ಲಿ ವಕೀಲರಾಗಿದ್ದ ಅವರು ಮನೆಮನೆಗಳಿಂದ ವಚನದ ತಾಳೆಗರಿಗಳನ್ನು ಸಂಗ್ರಹಿಸಿದರು. ಅವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ 1923ರಲ್ಲಿ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ಅಚ್ಚಾಯಿತು. ಮುಂದೆ ಅವರು ತಮ್ಮದೇ ‘ಹಿತಚಿಂತಕ’ ಮುದ್ರಣಾಲಯವನ್ನು ಸ್ಥಾಪಿಸಿದರು. ಜೀವನೋಪಾಯ ಎಂಬ ಅರ್ಥದಲ್ಲಿ ಅವರು ಬದುಕಿದ್ದು ವಕೀಲಿಕೆಯಿಂದ. ವಚನಗಳಿಂದ ಅವರು ಗಳಿಸಿದ್ದಕ್ಕಿಂತ ಕಳೆದುಕೊಂಡದ್ದೇ ಹೆಚ್ಚು. ‘ಜೀವಿ’ ಎಂಬ ಉತ್ತರಪದವನ್ನು ಹಿಡಿದು ಅಳೆದರೆ ಹಳಕಟ್ಟಿಯವರು ಬುದ್ಧಿಜೀವಿಯೇ ಅಲ್ಲ. ಲ್ಯಾಟಿನ್ ಬೇರನ್ನು ಹಿಡಿದು ಅಳೆದರೆ ಅವರಿಗಿಂತ ಅರ್ಹರನ್ನು ಹುಡುಕುವುದು ಕಷ್ಟ. ಯಾವ ಅಳತೆ ಸರಿ ಎಂಬುದು ಇಲ್ಲಿಯೇ ತೀರ್ಮಾನವಾಗುತ್ತದೆ.

ಪಾಠಾಂತರಗಳ ನಡುವೆ ಆಯುವುದು ನಾಲ್ಕು ಗೋಡೆಗಳ ನಡುವಿನ ನಿರಪಾಯದ ಕೆಲಸ, ಸಮಾಜಕ್ಕೆ ಬೇಕಾದದ್ದು ಬೀದಿಗಿಳಿದು ಮಾತಾಡುವ ಚಿಂತಕ ಎಂಬ ಆಕ್ಷೇಪ ಬರಬಹುದು. ಎಂ. ಎಂ. ಕಲಬುರ್ಗಿಯವರ ಬದುಕು ಇದಕ್ಕೆ ಉತ್ತರ. ಶಾಸನ ಮತ್ತು ಹಸ್ತಪ್ರತಿಗಳ ಸಂಶೋಧಕರಾದ ಅವರು ಸರ್ಕಾರ ಪ್ರಕಟಿಸಿದ ಸಮಗ್ರ ವಚನ ಸಂಪುಟಗಳ ಪ್ರಧಾನ ಸಂಪಾದಕರಾಗಿದ್ದರು. ‘ಮಾರ್ಗ’ದ ಮೊದಲ ಸಂಪುಟದ ಕೆಲವು ಲೇಖನಗಳ ಸಂಬಂಧ ಹುಟ್ಟಿದ ವಿರೋಧಕ್ಕೆ ಮಣಿದು 1989ರಲ್ಲಿ ಅವರು ತಮ್ಮ ನಿಲುವುಗಳನ್ನು ಹಿಂತೆಗೆದುಕೊಳ್ಳಬೇಕಾಯಿತು. ಆ ದಿನವನ್ನು ಅವರು ತಮ್ಮ ಬೌದ್ಧಿಕ ಆತ್ಮಹತ್ಯೆಯ ದಿನವೆಂದು ಕರೆದುಕೊಂಡರು. 2015ರ ಆಗಸ್ಟ್ 30ರಂದು ಧಾರವಾಡದ ಮನೆಯ ಬಾಗಿಲಲ್ಲಿ ಅವರ ಹತ್ಯೆಯಾಯಿತು. ಅವರ ಎಲ್ಲ ನಿರ್ಣಯಗಳನ್ನೂ ಒಪ್ಪಬೇಕೆಂದಿಲ್ಲ. ಸಂಶೋಧನೆಯ ಫಲಿತಗಳು ಅಲ್ಪವಿರಾಮಗಳೇ ಹೊರತು ಪೂರ್ಣವಿರಾಮಗಳಲ್ಲ. ಆದರೆ ಆಧಾರವನ್ನು ಆಧಾರದಿಂದ, ಪಾಠವನ್ನು ಪಾಠದಿಂದ ಎದುರಿಸುವ ದಾರಿಯನ್ನು ಬಿಟ್ಟು ಮಾತಾಡುವವನನ್ನೇ ಇಲ್ಲವಾಗಿಸಿದಾಗ, ಪುಟದ ಮೇಲಿನ ಪಾಠವೂ ಕೆಳಗಿನ ಪಾಠವೂ ಒಟ್ಟಿಗೆ ನಾಶವಾಗುತ್ತವೆ. ನಾಲ್ಕು ಗೋಡೆಗಳ ನಡುವಿನ ಓದು ನಿರಪಾಯವಲ್ಲ ಎಂಬುದಕ್ಕೆ ಇದಕ್ಕಿಂತ ದಾರುಣ ಸಾಕ್ಷ್ಯ ಬೇಕಿಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದದ್ದು. ಹಸ್ತಪ್ರತಿ, ಪ್ರಾಕೃತ, ಲ್ಯಾಟಿನ್ ಎನ್ನುತ್ತ ಹೋದರೆ ಬುದ್ಧಿ ಮತ್ತೆ ಓದಿದವರ ಸೊತ್ತಾಗುವುದಿಲ್ಲವೇ? ಮನುವಿನ ಏಣಿ ಬೇರೆ ರೂಪದಲ್ಲಿ ಮರಳುವುದಿಲ್ಲವೇ? ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಈ ಪ್ರಶ್ನೆಗೆ ಮುಂಚೆಯೇ ಉತ್ತರ ಕೊಟ್ಟಂತಿದೆ. ವಿಶೇಷ ವ್ಯಾಸಂಗವಿಲ್ಲದೆಯೂ ಕಾವ್ಯದ ಮರ್ಮವನ್ನು ಬಲ್ಲ ಪರಿಣತರೆಂದು ಅದು ಕನ್ನಡ ಜನರನ್ನು ಬಣ್ಣಿಸುತ್ತದೆ. ತಿರುಳ್ಗನ್ನಡದ ನಾಡನ್ನು ಗುರುತಿಸಲು ಅದು ಹೆಸರಿಸುವ ಊರುಗಳಲ್ಲೊಂದಾದ ಒಕ್ಕುಂದ ಇಂದಿನ ಬೆಳಗಾವಿ ಜಿಲ್ಲೆಯಲ್ಲಿಯೇ ಇದೆ. ಇಟಲಿಯ ಅಂತೋನಿಯೊ ಗ್ರಾಂಶಿ 1929ರಿಂದ 1935ರವರೆಗೆ ಬಂಧನದಲ್ಲಿ ಬರೆದ ಟಿಪ್ಪಣಿಗಳಲ್ಲಿ ಇದೇ ದಿಕ್ಕಿನ ಮಾತಿದೆ. ಮನುಷ್ಯರೆಲ್ಲರೂ ಬೌದ್ಧಿಕರೇ, ಸಮಾಜದಲ್ಲಿ ಆ ಪಾತ್ರವನ್ನು ವಹಿಸುವವರು ಮಾತ್ರ ಕೆಲವರು ಎಂಬುದು ಅವನ ಅಭಿಪ್ರಾಯದ ಸಾರ. ರಾಶಿಯ ಕಣದಲ್ಲಿ ಗಾಳಿಯ ದಿಕ್ಕನ್ನು ನೋಡಿ ತೂರುವ ರೈತ, ಮೊರದಲ್ಲಿ ಕೇರುತ್ತ ಕಲ್ಲು ಕಾಳನ್ನು ಬೇರೆ ಮಾಡುವ ತಾಯಿ, ಪ್ರತಿಗಳನ್ನು ಹೋಲಿಸುವ ಸಂಪಾದಕ ಮಾಡುವುದು ಒಂದೇ ಬಗೆಯ ಕ್ರಿಯೆ. ಸಂಪಾದಕನಿಗೆ ಇರುವ ಹೆಚ್ಚಿನ ಹೊಣೆ ಒಂದು: ತಾನು ಹೇಗೆ ಆಯ್ದೆ ಎಂಬುದಕ್ಕೆ ಅವನು ಲೋಕಕ್ಕೆ ಲೆಕ್ಕ ಕೊಡಬೇಕು.

ಈ ಅಳತೆಗೋಲು ಎರಡೂ ಕಡೆಗೆ ಅನ್ವಯಿಸುತ್ತದೆ. ವೇದಿಕೆಯಿಂದ ವೇದಿಕೆಗೆ ಒಂದೇ ಮಾತನ್ನು ಒಯ್ಯುವ, ತನ್ನ ಪಕ್ಷದ ಪ್ರತಿಯೊಂದನ್ನೇ ಓದಿ ಉಳಿದ ಪ್ರತಿಗಳನ್ನು ತೆರೆಯದೆ ಇರುವ ಲೇಖಕನು ಎಷ್ಟೇ ಪ್ರಗತಿಪರನೆಂದು ಕರೆಸಿಕೊಂಡರೂ ಬುದ್ಧಿಜೀವಿ ಎನಿಸಲಾರ. ಸಂಪ್ರದಾಯದ ಹೆಸರಿನಲ್ಲಿ ಒಂದೇ ಪಾಠವನ್ನು ಹಿಡಿದು ಪಾಠಾಂತರವೆಂದರೆ ಸಿಡಿಮಿಡಿಗೊಳ್ಳುವ ಪಂಡಿತನಿಗೂ ಆ ಹೆಸರು ಸಲ್ಲದು. ಮೊದಲನೆಯವನ ಕೊರತೆಯನ್ನು ತೋರಿಸಿ ಬುದ್ಧಿಯ ಕೆಲಸವನ್ನೇ ಹೀಗಳೆಯುವವರು ಹೊಟ್ಟಿನ ಮೇಲಿನ ಸಿಟ್ಟಿಗೆ ಕಾಳನ್ನೂ ಗಾಳಿಗೆ ಬಿಟ್ಟವರಾಗುತ್ತಾರೆ.

‘ಬುದ್ಧಿಜೀವಿ’ಗೆ ಬದಲಾಗಿ ಬೇರೆ ಪದವನ್ನು ತರಬೇಕೆಂಬ ಸಲಹೆಯಿಂದ ಹೆಚ್ಚಿನ ಪ್ರಯೋಜನವಿಲ್ಲ. ‘ಚಿಂತಕ’ ಎಂದರೆ ಕನ್ನಡದ ಕಿವಿಗೆ ಚಿಂತೆಯ ನೆರಳು ಬೀಳುತ್ತದೆ. ‘ವಿಚಾರವಾದಿ’ ಒಂದು ಪಂಥದ ಹೆಸರಾಗಿದೆ. ಮರಾಠಿಯವರು ಗೌರವದಿಂದ ಬಳಸುವ ‘ವಿಚಾರವಂತ’ ಕನ್ನಡಕ್ಕೂ ಹೊಂದುತ್ತದೆ. ಆದರೆ ಅದೂ ವ್ಯಂಗ್ಯಕ್ಕೆ ಸಿಕ್ಕದೆ ಉಳಿಯುತ್ತದೆಂಬ ಭರವಸೆಯಿಲ್ಲ. ಬದಲಾಗಬೇಕಾದದ್ದು ಆ ಪದವನ್ನು ಅಳೆಯುವ ರೀತಿ. ಸಾಹಿತ್ಯದ ವಿದ್ಯಾರ್ಥಿಯೊಬ್ಬ ಯಾವುದೇ ಲೇಖಕನ ಬರಹವನ್ನು ಕೈಗೆತ್ತಿಕೊಂಡಾಗ ಎರಡು ಪ್ರಶ್ನೆಗಳನ್ನು ಕೇಳಿದರೆ ಸಾಕು. ಈತ ಎಷ್ಟು ಪ್ರತಿಗಳನ್ನು ಎದುರಿಗಿಟ್ಟುಕೊಂಡು ಈ ಮಾತನ್ನು ಆಯ್ದಿದ್ದಾನೆ? ಆಯದೆ ಬಿಟ್ಟದ್ದನ್ನು ಓದುಗನಿಗೆ ಕಾಣುವಂತೆ ಇಟ್ಟಿದ್ದಾನೆಯೇ? ಉಪಾಧ್ಯೆಯವರ ಆವೃತ್ತಿಗಳ ಪುಟಗಳನ್ನು ತಿರುವಿದರೆ ಎರಡಕ್ಕೂ ಉತ್ತರ ಅದೇ ಪುಟದ ಕೆಳಭಾಗದಲ್ಲಿ ಸಣ್ಣ ಅಕ್ಷರಗಳಲ್ಲಿ ದೊರೆಯುತ್ತದೆ.